ಅನ್ನ ಕೊನೆಗೆ ಬರುವ ಮೇಜು

ಚೀನಾದ ಯಾವ ಊರಿನಲ್ಲಿ ಎಲ್ಲಿ ಉಣ್ಣಬಹುದು ಎಂದು ಬರೆದುಕೊಡುವ ಕೆಲಸ ನನಗೆ ಬಂದದ್ದು ಚೀನಾ ನನಗೆ ಗೊತ್ತಿದೆ ಎಂಬ ಕಾರಣಕ್ಕಲ್ಲ. ಪುತ್ತೂರಿನ ಪ್ರವಾಸ ಕಚೇರಿಯ ಒಡತಿ ನಿಜವಾದ ಕಾರಣವನ್ನು ಮುಚ್ಚಿಡಲಿಲ್ಲ. "ನೀವು ಮೂರು ಹೊತ್ತೂ ಹೋಟೆಲಿನಲ್ಲಿ ಉಣ್ಣುವವರು. ನಿಮ್ಮ ಹೊಟ್ಟೆ ಯಾವುದಕ್ಕೂ ಹಠ ಮಾಡುದಿಲ್ಲ. ಮನೆಯಲ್ಲಿ ಕಾಯುವವರೂ ಇಲ್ಲ. ನಿಮ್ಮಷ್ಟು ಸರಿಯಾದ ಜನ ಎಲ್ಲಿ ಸಿಗುದು?" ಎಂದರು. ಮೂರು ಮಾತೂ ನಿಜವಾಗಿದ್ದವು. ಒಪ್ಪಿಕೊಂಡೆ.

ಪುತ್ತೂರು, ಸುಳ್ಯ, ಕಡಬ ಕಡೆಯ ಬೆಳೆಗಾರರು ಮತ್ತು ವ್ಯಾಪಾರಿಗಳ ಒಂದು ತಂಡ ಯಂತ್ರಗಳನ್ನು ನೋಡಲು ಹೊರಟಿತ್ತು. ಗುವಾಂಗ್‌ಝೌದ ಯಂತ್ರ ಮಾರುಕಟ್ಟೆ, ಚಾಂಗ್‌ಶಾದಲ್ಲಿ ಅಡಿಕೆ ಸುಲಿಯುವ ಮತ್ತು ಒಣಗಿಸುವ ಯಂತ್ರ ಮಾಡುವ ಒಂದು ಕಾರ್ಖಾನೆ, ಕೊನೆಗೆ ಶಿಯಾನ್‌ನಲ್ಲಿ ಎರಡು ದಿನ ಊರು ನೋಡುವುದು. ಹಿಂದೆ ಬೇರೆ ಕಚೇರಿಯ ಮೂಲಕ ಹೋದ ತಂಡವೊಂದು ಚೀಲ ತುಂಬ ಅವಲಕ್ಕಿ, ಚಟ್ನಿಪುಡಿ ಹೊತ್ತುಕೊಂಡು ಹೋಗಿ, ಅದು ಮುಗಿದ ಮೇಲೆ ಒಬ್ಬರನ್ನೊಬ್ಬರು ದೂರುತ್ತ, ಮಂಗಳೂರಿನಲ್ಲಿ ಇಳಿಯುವ ಹೊತ್ತಿಗೆ ಮಾತೇ ಬಿಟ್ಟಿತ್ತಂತೆ. ಹಾಗಾಗಿ ಒಡತಿಗೆ ಕಿಸೆಯಲ್ಲಿ ಹಿಡಿಯುವ ಒಂದು ಕನ್ನಡ ಪುಸ್ತಿಕೆ ಬೇಕಿತ್ತು. ಅಂತರಜಾಲದಿಂದ ಹೆಸರು ಹೆಕ್ಕಿ ಕೊಟ್ಟರೆ ಸಾಕು ಎಂಬುದು ಅವರ ಮೊದಲ ಯೋಚನೆ. ನಾನು ವರದಿಗಾರನಾಗಿದ್ದಷ್ಟು ಕಾಲ, ಬಾಗಿಲ ಮುಂದೆ ನಿಂತು ನೋಡದ ವಿಳಾಸವನ್ನು ಅಚ್ಚಿಗೆ ಕಳಿಸಿದವನಲ್ಲ. ಪತ್ರಿಕೆ ಬಿಟ್ಟ ಮೇಲೂ ಅಭ್ಯಾಸ ಉಳಿದಿತ್ತು. ಹೋಗಿ ಉಂಡು ಬಂದು ಬರೆಯುತ್ತೇನೆ ಎಂದೆ. ಅವರು ಸ್ವಲ್ಪ ಯೋಚಿಸಿ ಒಬ್ಬನ ಟಿಕೆಟು ತೆಗೆದರು.

ಹೊರಡುವ ಮೊದಲು ತಂಡದವರನ್ನು ಒಬ್ಬೊಬ್ಬರನ್ನಾಗಿ ಕಂಡು ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ವಿಚಾರಿಸಿದೆ. ಸಂಪಾಜೆ ಕಡೆಯ ಗೌಡ ಕುಟುಂಬಗಳಿಗೆ ಹಂದಿ ಮಾಂಸ ಆಗುತ್ತಿತ್ತು, ದನದ್ದು ಆಗುತ್ತಿರಲಿಲ್ಲ. ಪುತ್ತೂರಿನ ಬ್ಯಾರಿ ವ್ಯಾಪಾರಿಗಳಿಗೆ ಹಲಾಲ್ ಬೇಕಿತ್ತು. ಇಬ್ಬರು ಭಟ್ಟರು ಈರುಳ್ಳಿ ಬೆಳ್ಳುಳ್ಳಿ ಕೂಡ ಮುಟ್ಟುವವರಲ್ಲ. ಇದೆಲ್ಲ ನಾನು ನಿರೀಕ್ಷಿಸಿದ್ದೇ. ನಿರೀಕ್ಷಿಸದೆ ಇದ್ದದ್ದು ಕೊಯಿಲದಿಂದ ಬಂದ ನಿವೃತ್ತ ಪಶು ಪರೀಕ್ಷಕರನ್ನು.

ಅವರು ತಮ್ಮ ಶಾಲಾ ಗೆಳೆಯನ ಜೊತೆ ಕಚೇರಿಗೆ ಬಂದರು. ಗೆಳೆಯ ಪುತ್ತೂರಿನ ಅಡಿಕೆ ವ್ಯಾಪಾರಿ, ಬ್ಯಾರಿ. ಪರೀಕ್ಷಕರಿಗೆ ಸಕ್ಕರೆ ಕಾಯಿಲೆ. ಪ್ರತಿ ಊಟಕ್ಕೆ ಅರ್ಧ ಗಂಟೆ ಮೊದಲು ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಚುಚ್ಚಿಕೊಂಡ ಮೇಲೆ ಊಟ ತಡವಾದರೆ ಬೆವರು, ನಡುಕ, ಆಮೇಲೆ ಪ್ರಜ್ಞೆ ಹೋಗುವುದು. ಹಿಂದೆ ಒಂದು ಮದುವೆಯಲ್ಲಿ ಮೊದಲ ಪಂಕ್ತಿಯಲ್ಲಿ ಜಾಗ ಸಿಗದೆ ಎರಡನೆಯದಕ್ಕೆ ಕಾಯುತ್ತ ಕುರ್ಚಿಯಿಂದ ಜಾರಿ ಬಿದ್ದಿದ್ದರು. ಅಂದಿನಿಂದ ಎಲ್ಲಿಗೆ ಹೋದರೂ ಮನೆಯಲ್ಲಿ ಒಬ್ಬರೇ ಉಂಡು ಹೋಗುವುದು, ಉಳಿದವರು ಉಣ್ಣುವಾಗ ಹೊರಗೆ ಪೇಪರು ಓದುವುದು.

"ಇವರು ಅಷ್ಟು ದನಗಳಿಗೆ ಚುಚ್ಚಿದ್ದಲ್ವಾ ಮಾರಾಯ್ರೆ, ಮೇಲಿನವ ಈಗ ತಿರುಗಿ ಚುಚ್ಚಿಸ್ತಾ ಇರುದು" ಎಂದರು ಗೆಳೆಯ.

ಪರೀಕ್ಷಕರು ನಗಲಿಲ್ಲ. ಅವಲಕ್ಕಿ ಕಟ್ಟಿಕೊಂಡು ಹೋಗಿ ಬೇರೆ ಕೂತು ಉಣ್ಣಬಹುದಲ್ಲ ಎಂದು ಒಡತಿ ಸೂಚಿಸಿದ್ದಕ್ಕೆ ಅವರ ಉತ್ತರ ಸಿದ್ಧವಿತ್ತು. "ಬೇರೆ ಕೂತು ಉಣ್ಣಲಿಕ್ಕೆ ಕೊಯಿಲದಲ್ಲೇ ಜಾಗ ಉಂಟು. ಚೀನಾದವರೆಗೆ ಯಾಕೆ ಹೋಗುದು? ಎಲ್ಲರ ಒಟ್ಟಿಗೆ ಕೂತು ಉಣ್ಣಲಿಕ್ಕೆ ಆಗ್ತದಾ, ಅದನ್ನು ನೋಡಿ ಬನ್ನಿ. ಆಗ್ತದೆ ಅಂತ ನೀವು ಬರೆದರೆ ಹೊರಡ್ತೇನೆ. ಇಲ್ಲದಿದ್ದರೆ ನನ್ನ ಹೆಸರು ತೆಗೆಯಿರಿ." ಹೊರಡುವಾಗ ಇನ್ನೊಂದು ಮಾತು ಹೇಳಿದರು: ಕಾಯಿಲೆಯ ವಿಷಯ ಉಳಿದವರಿಗೆ ತಿಳಿಯುವುದು ಬೇಡ.

ಸಸ್ಯಾಹಾರವೇ ಎಂದು ಕೇಳಿದೆ. ಹೌದು ಎಂದರು. ಮೊಟ್ಟೆ? ಅವರು ಬಾಗಿಲ ಕಡೆ ನೋಡಿದರು. "ಆಗ್ತದೆ. ಮನೆಯಲ್ಲಿ ಹೇಳುದು ಬೇಡ."

ಹೀಗೆ ಹೋಟೆಲುಗಳ ಪಟ್ಟಿ ಮಾಡುವ ಕೆಲಸ ಒಬ್ಬ ಮನುಷ್ಯ ಬರಬಹುದೇ, ಬಾರದೇ ಇರಬೇಕೇ ಎಂಬ ತೀರ್ಮಾನದ ಕೆಲಸವಾಯಿತು.

ಗುವಾಂಗ್‌ಝೌನಲ್ಲಿ ಮೊದಲು ಹುಡುಕಿದ್ದು ಭಾರತೀಯ ಹೋಟೆಲುಗಳನ್ನು. ಅಂತರಜಾಲದಲ್ಲಿ ಹೊಗಳಿಸಿಕೊಂಡಿದ್ದ ಒಂದು ಈಗ ಫೋನಿನ ಕವಚ ಮಾರುವ ಅಂಗಡಿಯಾಗಿತ್ತು. ಇನ್ನೊಂದರ ಬಾಗಿಲಿಗೆ ಚೀಟಿ ಅಂಟಿಸಿತ್ತು, ಒಳಗೆ ಕುರ್ಚಿಗಳು ಮಗುಚಿ ಬಿದ್ದಿದ್ದವು. ತೆರೆದಿದ್ದ ಒಂದರಲ್ಲಿ ದಾಲ್ ಚೆನ್ನಾಗಿತ್ತು, ಆದರೆ ಯಂತ್ರ ಮಾರುಕಟ್ಟೆಯಿಂದ ಅಲ್ಲಿಗೆ ಮೆಟ್ರೋದಲ್ಲಿ ಹೋಗಿ ಬರುವಷ್ಟರಲ್ಲಿ ಮಧ್ಯಾಹ್ನವೇ ಮುಗಿಯುತ್ತಿತ್ತು. ಆ ದಾರಿ ಬಿಟ್ಟು ಊರಿನವರು ಉಣ್ಣುವ ಕಡೆ ಹೊಕ್ಕೆ.

ಪ್ರತಿ ಬಾಗಿಲಿನಲ್ಲೂ ಕೇಳುತ್ತಿದ್ದ ಮೊದಲ ಪ್ರಶ್ನೆ ಎಷ್ಟು ಜನ ಎಂಬುದು. ನಾನು ಒಂದು ಬೆರಳು ಎತ್ತುತ್ತಿದ್ದೆ. ಅವರು ನನ್ನ ಬೆನ್ನ ಹಿಂದೆ ನೋಡುತ್ತಿದ್ದರು, ಬೇರೆಯವರು ಬರುತ್ತಿದ್ದಾರೇನೋ ಎಂದು. ಅಲ್ಲಿಯ ಊಟ ಒಬ್ಬನಿಗಾಗಿ ಮಾಡಿದ್ದಲ್ಲ. ಮೇಜು ದುಂಡಗೆ, ಅದರ ನಡುವೆ ತಿರುಗುವ ಗಾಜು, ಒಂದೊಂದು ಪದಾರ್ಥವೂ ನಾಲ್ಕು ಜನಕ್ಕಾಗುವಷ್ಟು. ಒಬ್ಬ ಎರಡು ಬಗೆ ತರಿಸಿದರೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಮೇಜಿನ ಮೇಲೆಯೇ ನೀರು ಕುದಿಸಿ ಬೇಯಿಸಿಕೊಂಡು ತಿನ್ನುವ ಒಂದು ಹೋಟೆಲಿನಲ್ಲಿ ನಾನು ಒಬ್ಬನೇ ಇರುವುದನ್ನು ಕಂಡು, ಬಡಿಸುವ ಹುಡುಗಿ ದೊಡ್ಡದೊಂದು ಬಟ್ಟೆಯ ಕರಡಿಯನ್ನು ತಂದು ಎದುರಿನ ಕುರ್ಚಿಯಲ್ಲಿ ಕೂರಿಸಿದಳು. ಒಬ್ಬರೇ ಬಂದವರಿಗೆ ಅಲ್ಲಿ ಹಾಗೆ ಮಾಡುತ್ತಾರಂತೆ. ಕರಡಿಯ ಮುಂದೆಯೂ ಒಂದು ಬಟ್ಟಲು, ಒಂದು ಜೊತೆ ಊಟದ ಕಡ್ಡಿ ಇಟ್ಟಳು. ನಾನು ಅಣಬೆ ಬೇಯಿಸಿಕೊಂಡು ತಿಂದೆ. ಪರೀಕ್ಷಕರಿಗೆ ಆಗದು ಎಂದು ಗುರುತು ಹಾಕಿಕೊಂಡೆ: ಬೇಯುವ ಸಮಯ ನಮ್ಮ ಕೈಯಲ್ಲಿಲ್ಲ.

ಮಾಂಸ ಬೇಡ ಎಂದಷ್ಟೇ ಹೇಳಿದರೆ ಸಾಲದು ಎಂಬುದು ಎರಡನೆಯ ದಿನವೇ ತಿಳಿಯಿತು. ಮಾಂಸವಿಲ್ಲದ ಸೊಪ್ಪು ಒಣ ಸಿಗಡಿ ಉದುರಿಸಿಕೊಂಡು ಬಂತು. ಸಿಗಡಿ ಬೇಡ ಎಂದಾಗ ಹಂದಿ ಕೊಬ್ಬಿನಲ್ಲಿ ಹುರಿದು ಬಂತು. ಅಡುಗೆಯವರ ತಪ್ಪಿಲ್ಲ, ಅವರ ಲೆಕ್ಕದಲ್ಲಿ ಅದು ಸೊಪ್ಪೇ. ಬೇಡವಾದದ್ದನ್ನೆಲ್ಲ ಹೆಸರಿಸಿ ಚೀನೀ ಭಾಷೆಯಲ್ಲಿ ಒಂದು ಚೀಟಿ ಮಾಡಿಸಿದೆ, ಪ್ರತಿ ತಪ್ಪಿನ ನಂತರ ತಿದ್ದಿಸಿದೆ. ನಾಲ್ಕನೆಯ ಚೀಟಿಯಿಂದ ಕೆಲಸ ನಡೆಯಿತು. ಪದಾರ್ಥಗಳ ಚೀನೀ ಹೆಸರು ಬರೆದುಕೊಳ್ಳುವುದನ್ನು ಬಿಟ್ಟು, ಪುತ್ತೂರಿನ ಸಂತೆಯಲ್ಲಿ ಅದಕ್ಕೆ ಏನನ್ನುತ್ತಾರೆ ಎಂದು ಬರೆದುಕೊಂಡೆ. ಹೀರೆಕಾಯಿ ಇತ್ತು. ಹಾಗಲಕಾಯಿ ಮೊಟ್ಟೆಯ ಜೊತೆ ಇತ್ತು. ಕಣಿಲೆ, ಅಂದರೆ ಎಳೆ ಬಿದಿರು, ಉಪ್ಪಿನಲ್ಲಿ ಹಾಕಿದ್ದು ಇತ್ತು. ಒಂದು ಕಡೆ ಕೆಂಪು ಹರಿವೆ ಸೊಪ್ಪು ಸಿಕ್ಕಿತು. ಅದರ ನೀರು ಅನ್ನವನ್ನು ಮನೆಯಲ್ಲಿ ಮಾಡುವ ಹಾಗೆಯೇ ಕೆಂಪು ಮಾಡಿತು. ತಿಂದು ಎದ್ದು ಬರುವಾಗ ಇದನ್ನು ಯಾರಿಗಾದರೂ ಹೇಳಬೇಕೆನಿಸಿತು. ಅಷ್ಟೂ ದಿನ ಕನ್ನಡ ಕೇಳಿದ್ದು ಫೋನಿನ ಅನುವಾದದಿಂದ ಮಾತ್ರ, ಅದೂ ಹಳೆಯ ಪಠ್ಯಪುಸ್ತಕದ ಕನ್ನಡ.

ದೇವಸ್ಥಾನಗಳ ಹತ್ತಿರ ಬೌದ್ಧರ ಸಸ್ಯಾಹಾರಿ ಊಟದ ಮನೆಗಳಿದ್ದವು. ಬಾಗಿಲಿಗೆ ಸ್ವಸ್ತಿಕದ ಗುರುತು. ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ನಾವೇ ಬಡಿಸಿಕೊಳ್ಳುವುದು, ಅನ್ನ ಎದುರಿಗೇ ಇರುತ್ತದೆ. ಒಡತಿಗೆ ಫೋನಿನಲ್ಲಿ ಹೇಳಿದಾಗ ಕೆಲಸ ಮುಗಿಯಿತಲ್ಲ ಎಂದರು. ಮುಗಿದಿರಲಿಲ್ಲ. ಆ ಮನೆಗಳು ಮಧ್ಯಾಹ್ನ ಸ್ವಲ್ಪ ಹೊತ್ತು ಮಾತ್ರ ತೆರೆದಿರುತ್ತವೆ. ಬಸ್ಸು ತಡವಾದರೆ ಬಾಗಿಲು ಮುಚ್ಚಿರುತ್ತದೆ. ಅದೂ ಅಲ್ಲದೆ ಚಾಂಗ್‌ಶಾದಲ್ಲಿ ಒಂದು ರಾತ್ರಿಯ ಊಟ ನಮ್ಮ ಆಯ್ಕೆಯದಲ್ಲ. ಅದು ಕಾರ್ಖಾನೆಯವರು ತಂಡಕ್ಕೆ ಕೊಡುವ ಔತಣ. ಎಲ್ಲರೂ ಒಟ್ಟಿಗೆ ಕೂರುವ ಊಟವೆಂದರೆ ಅದೇ. ಪರೀಕ್ಷಕರ ಪ್ರಶ್ನೆಗೆ ಉತ್ತರ ಸಿಗಬೇಕಾದದ್ದು ಆ ಮೇಜಿನಲ್ಲಿ.

ಚಾಂಗ್‌ಶಾ ಇರುವ ಹುನಾನ್ ಖಾರದ ಸೀಮೆ. ಅಲ್ಲಿಯ ಬೀದಿಗಳಲ್ಲಿ ಅಡಿಕೆಯನ್ನು ಬಣ್ಣದ ಪೊಟ್ಟಣಗಳಲ್ಲಿ ಮಾರುತ್ತಾರೆ. ಒಡೆದು ನೋಡಿದರೆ ಹೊಗೆ ಹಾಕಿ ಕಪ್ಪಾದ ಸಿಪ್ಪೆ. ಒಳಗಿನ ಹೋಳು ಇಲ್ಲವೇ ಇಲ್ಲ, ಜಗಿಯುವುದು ಸಿಪ್ಪೆಯನ್ನೇ. ಚಿತ್ರ ತೆಗೆದು ತಂಡದ ಮುಂದಾಳಾದ ಸಂಪಾಜೆಯ ಬೆಳೆಗಾರ್ತಿಗೆ ಕಳಿಸಿದೆ. "ಸಿಪ್ಪೆ ತಿನ್ನುದಾ? ನಾವು ಒಲೆಗೆ ಹಾಕುದು ಮಾರಾಯ್ರೆ. ಹಾಗಾದರೆ ಇಷ್ಟು ವರ್ಷ ಬಚ್ಚಲಿನಲ್ಲಿ ನೀರು ಕಾಯಿಸಿದ್ದು ಎಂತದರಲ್ಲಿ?" ಎಂದು ಉತ್ತರ ಬಂತು. ಆ ದಿನ ನಾನು ನಕ್ಕದ್ದು ಅದೊಂದೇ ಸಲ.

ಮುಂದೆ ತಂಡದ ಔತಣ ನಡೆಯಲಿದ್ದ ಹೋಟೆಲಿಗೆ ಅದೇ ಸಂಜೆ ಒಬ್ಬನೇ ಹೋದೆ. ಅನ್ನ, ಹರಿವೆ, ಬದನೆ, ಸೋಯಾ ಹಾಲಿನ ತೋಫು, ಒಂದು ಸಾರು ಬೇಕೆಂದು ಮೇಜಿನ ಮೇಲಿನ ಕ್ಯೂಆರ್ ಗುರುತಿಗೆ ಫೋನು ಹಿಡಿದು ಕೇಳಿಕೊಂಡೆ. ಪರೀಕ್ಷಕರು ಚುಚ್ಚಿಕೊಂಡು ಕೂತಿದ್ದಾರೆ ಎಂದೇ ಭಾವಿಸಿ ಗಡಿಯಾರ ನೋಡತೊಡಗಿದೆ. ಹರಿವೆ ಬಂತು. ಬದನೆ ಬಂತು. ತೋಫು ಬಂತು. ಹಬೆಯಾಡುತ್ತಿದ್ದ ಮೂರೂ ಬಟ್ಟಲುಗಳ ಮುಂದೆ ನಾನು ಕೈ ಮಡಚಿ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಬಡಿಸುವವಳು ಬಂದು ನೋಡಿ ಹೋದಳು. ಆಮೇಲೆ ಅಡುಗೆಯವನೇ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ನಾನು ಚಾಚಿದ ಫೋನಿಗೆ ಅವನು ಏನೋ ಹೇಳಿದ, ಫೋನು ಕನ್ನಡದಲ್ಲಿ ಕೇಳಿತು: "ಭೋಜನವು ತಮಗೆ ತೃಪ್ತಿಕರವಾಗಿಲ್ಲವೇ?"

ನಾನು ಇನ್ನೂ ಮುಟ್ಟಿಯೇ ಇರಲಿಲ್ಲ. ಅನ್ನಕ್ಕಾಗಿ ಕಾಯುತ್ತಿದ್ದೆ. ಕಾಯುತ್ತಿದ್ದೇನೆ ಎಂಬುದು ಅವನು ಕೇಳುವವರೆಗೆ ನನಗೇ ತಿಳಿದಿರಲಿಲ್ಲ.

ನಮ್ಮ ಕಡೆ ಎಲೆಯ ಮೇಲೆ ಉಪ್ಪು, ಉಪ್ಪಿನಕಾಯಿ, ಪಲ್ಯ ಎಲ್ಲ ಬಿದ್ದಿದ್ದರೂ ಅನ್ನ ಬರುವವರೆಗೆ ಯಾರೂ ಕೈ ಹಾಕುವುದಿಲ್ಲ. ಅನ್ನ ಬಿದ್ದ ಮೇಲೆ ಊಟ ಸುರು. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ. ತಂಡದ ಗೌಡರು, ಬ್ಯಾರಿಗಳು, ಭಟ್ಟರು ಮಾಂಸ ಮೀನಿನ ವಿಷಯದಲ್ಲಿ ಎಷ್ಟು ಬೇರೆಯಾದರೂ ಇದೊಂದರಲ್ಲಿ ಒಂದೇ. ಅವರೆಲ್ಲ ಆ ದುಂಡು ಮೇಜಿನ ಸುತ್ತ ಕೂತು, ಬಂದ ಪದಾರ್ಥಗಳನ್ನು ನೋಡುತ್ತ, ಅನ್ನಕ್ಕೆ ಕಾಯುತ್ತಾರೆ. ಪರೀಕ್ಷಕರೂ ಕಾಯುತ್ತಾರೆ, ಚುಚ್ಚಿಕೊಂಡು.

ಅನ್ನ ಬೇಕು ಎಂದು ಅಡುಗೆಯವನಿಗೆ ತೋರಿಸಿದೆ. ಕೂಡಲೇ ಬಂತು. ಆದರೆ ಕೇಳಿದ್ದ ಸಾರು ಬರಲೇ ಇಲ್ಲ. ಬದಲಿಗೆ ಬಿಲ್ಲು ಬಂತು. ಅಲ್ಲಿ ಔತಣದ ಊಟದಲ್ಲಿ ಅನ್ನ ಬರುವುದು ಕೊನೆಗೆ, ಹೊಟ್ಟೆಯಲ್ಲಿ ಜಾಗ ಉಳಿದವರಿಗಾಗಿ. ನಡುವೆ ಅನ್ನ ಕೇಳಿದರೆ ಇನ್ನು ಸಾಕು ಎಂದು ಅರ್ಥ. ನಾವು ಸುರು ಮಾಡುವ ಕಡೆ ಅವರು ಮುಗಿಸುತ್ತಾರೆ.

ಕೋಣೆಗೆ ಬಂದು ಪುಸ್ತಿಕೆಯ ಕರಡು ತೆರೆದೆ. ಪರೀಕ್ಷಕರಿಗೆ ಆಗುವುದಿಲ್ಲ ಎಂದು ಬರೆಯುವುದು ಸುಲಭವಿತ್ತು ಮತ್ತು ಸುರಕ್ಷಿತವಾಗಿತ್ತು. ಔತಣದ ರಾತ್ರಿ ಅವರಿಗೆ ಮಾತ್ರ ಪಕ್ಕದ ಬೀದಿಯ ನೂಡಲ್ ಅಂಗಡಿ ಎಂದು ಬರೆಯಬಹುದಿತ್ತು. ಪಶ್ಚಿಮದ ಪ್ರಾಂತ್ಯಗಳ ಮುಸ್ಲಿಮರು ನಡೆಸುವ ಆ ಅಂಗಡಿಗಳು ಎಲ್ಲ ಊರಿನಲ್ಲೂ ಇವೆ, ಹಲಾಲ್, ಹೆಚ್ಚಿನವು ಇಡೀ ದಿನ ತೆರೆದಿರುತ್ತವೆ. ಟೊಮೆಟೊ ಮೊಟ್ಟೆಯನ್ನು ಅನ್ನದ ಮೇಲೆ ಹಾಕಿ ಒಂದೇ ತಟ್ಟೆಯಲ್ಲಿ ಬೇಗ ಕೊಡುತ್ತಾರೆ. ಬಸ್ಸು ತಡವಾದ ದಿನಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ಸಿಗಲಿಲ್ಲ. ಪರೀಕ್ಷಕರೂ ಅವರ ಬ್ಯಾರಿ ಗೆಳೆಯನೂ ಒಂದೇ ಮೇಜಿನಲ್ಲಿ ಉಣ್ಣಬಹುದಾದ ಜಾಗ ಅದು. ಆದರೆ ಔತಣದ ರಾತ್ರಿ ಅಲ್ಲಿಗೆ ಕಳಿಸಿದರೆ ಅದು ಬೇರೆ ಕೂತು ಉಂಡ ಹಾಗೆಯೇ. ಅವರು ಕೇಳಿದ್ದು ಅದನ್ನಲ್ಲ.

ಮರುದಿನ ಕಾರ್ಖಾನೆಯ ಮಾರಾಟ ವಿಭಾಗದ ಹೆಂಗಸನ್ನು ಕಂಡೆ. ಔತಣದ ವ್ಯವಸ್ಥೆ ಅವರದು. ನಮ್ಮ ನಡುವೆ ಅನುವಾದಕ್ಕೆ ಫೋನು ಇತ್ತು. ಮೊದಲು ಅನ್ನ ಕೊಡಬಹುದೇ ಎಂದು ಕೇಳಿದೆ. ಅವರು ನಯವಾಗಿ, ಆದರೆ ಗಟ್ಟಿಯಾಗಿ, ಆಗುವುದಿಲ್ಲ ಎಂದರು. ಅತಿಥಿಯ ಮುಂದೆ ಮೊದಲು ಅನ್ನ ಇಟ್ಟರೆ ಬೇರೇನೂ ಇಲ್ಲ, ಇದರಲ್ಲೇ ಹೊಟ್ಟೆ ತುಂಬಿಸಿಕೊಳ್ಳಿ ಎಂದಂತೆ. ಅವರ ಮೇಲಿನವರು ಅದನ್ನು ನೋಡಿದರೆ ಅವರಿಗೆ ತೊಂದರೆ.

ಇನ್ನು ಕಾರಣ ಹೇಳದೆ ಆಗುತ್ತಿರಲಿಲ್ಲ. ಪರೀಕ್ಷಕರು ಗುಟ್ಟಾಗಿಡಲು ಕೇಳಿದ್ದು ತಂಡದವರಿಂದ. ಆದರೂ ಅದು ಅವರ ವಿಷಯ, ನನ್ನದಲ್ಲ. ಊರಿಗೆ ಫೋನು ಮಾಡಿ ಅವರನ್ನೇ ಕೇಳಿದೆ. ಆ ಕಡೆ ದನದ ಹಟ್ಟಿಯಲ್ಲಿ ಕರು ಕೂಗುತ್ತಿತ್ತು. "ಆ ಹೆಂಗಸು ನಮ್ಮವರಿಗೆ ಹೇಳ್ತಾರಾ?" ಎಂದರು. ಹೇಳುವುದಿಲ್ಲ, ಹೇಳಿದರೂ ಆ ಭಾಷೆ ನಮ್ಮವರಿಗೆ ಅರ್ಥವಾಗುವುದಿಲ್ಲ ಎಂದೆ. "ಹಾಗಾದರೆ ಹೇಳಿ. ಆದರೆ ನನಗೊಬ್ಬನಿಗೇ ಅನ್ನ ತಂದಿಟ್ಟು ಎಲ್ಲರೂ ನನ್ನನ್ನೇ ನೋಡುವ ಹಾಗೆ ಮಾಡುದು ಬೇಡ."

ಕಾಯಿಲೆಯ ಹೆಸರು ಹೇಳಿದ ಮೇಲೆ ಆ ಹೆಂಗಸು ಬೇರೆ ಪ್ರಶ್ನೆ ಕೇಳಲಿಲ್ಲ. ಅವರೊಬ್ಬರಿಗೆ ಮೊದಲು ತರಿಸುತ್ತೇನೆ ಎಂದರು. ಒಬ್ಬರಿಗೆ ಬೇಡ, ಎಲ್ಲರಿಗೂ ಎಂದೆ. ಅವರು ಫೋನನ್ನು ಮೇಜಿನ ಮೇಲಿಟ್ಟು ಕಿಟಕಿಯ ಕಡೆ ನೋಡಿದರು. ನಂತರ ಮಾತಾಡಿದರು, ಫೋನು ಹೇಳಿತು: "ಅತಿಥಿಗಳ ಊರಿನ ಪದ್ಧತಿ ಇದು ಎಂದು ನಾನು ಮೇಲಧಿಕಾರಿಗೆ ನಿವೇದಿಸುತ್ತೇನೆ. ಸಣ್ಣ ಬಟ್ಟಲುಗಳಲ್ಲಿ, ಎಲ್ಲರಿಗೂ. ಪದಾರ್ಥಗಳು ನಿಲ್ಲುವುದಿಲ್ಲ."

ಅವರು ಹೇಳಿದ್ದು ಸುಳ್ಳೂ ಆಗಿರಲಿಲ್ಲ.

ಶಿಯಾನ್‌ನಲ್ಲಿ ಹೆಚ್ಚು ಕಷ್ಟವಿರಲಿಲ್ಲ. ಉತ್ತರಕ್ಕೆ ಹೋದಂತೆ ಅನ್ನ ಹಿಂದೆ ಸರಿಯುತ್ತದೆ, ಗೋಧಿ ಮುಂದೆ ಬರುತ್ತದೆ; ಅಗಲವಾದ ನೂಡಲು, ಆವಿಯಲ್ಲಿ ಬೇಯಿಸಿದ ಬನ್ನು ಬೇಗನೆ ಮೇಜಿಗೆ ಬರುತ್ತವೆ. ಮುಸ್ಲಿಮರ ಕೇರಿಯಲ್ಲಿ ವ್ಯಾಪಾರಿಗಳಿಗೆ ಬೇಕಾದದ್ದೆಲ್ಲ ಇತ್ತು. ಕೊನೆಯ ಸಂಜೆ ಆ ಕೇರಿಯ ಜನಸಂದಣಿಯಲ್ಲಿ ಒಂದು ಬಟ್ಟಲು ಹಿಡಿದು ನಿಂತೇ ಉಂಡೆ. ಕೂರುವ ಜಾಗಗಳೆಲ್ಲ ಕುಟುಂಬಗಳಿಂದ ತುಂಬಿದ್ದವು. ನಿಂತು ಉಣ್ಣುವವನನ್ನು ಎಷ್ಟು ಜನ ಎಂದು ಯಾರೂ ಕೇಳುವುದಿಲ್ಲ ಎಂಬುದು ಒಂದು ಅನುಕೂಲ.

ಪುತ್ತೂರಿಗೆ ಮರಳಿ ಪರೀಕ್ಷಕರ ಜೊತೆ ಅವರ ವೈದ್ಯರಲ್ಲಿಗೆ ಹೋದೆ. ನಾನು ಕಂಡದ್ದನ್ನು ಹೇಳಿದೆ: ಅನ್ನ ಯಾವಾಗ ಬರುತ್ತದೆ ಎಂದು ಯಾರೂ ಖಾತ್ರಿ ಕೊಡಲಾರರು. ವೈದ್ಯರು, ಊಟ ಎದುರಿಗೆ ಬಂದ ಮೇಲೆ ಚುಚ್ಚಿಕೊಳ್ಳುವ ಬಗೆಯ ಔಷಧಿ ಉಂಟು, ಹೊರಡುವ ಮೊದಲು ಮನೆಯಲ್ಲೇ ಅಭ್ಯಾಸವಾಗಲಿ ಎಂದು ಬದಲಾಯಿಸಿ ಕೊಟ್ಟರು. ಹೊರಗೆ ಬಂದು ಪರೀಕ್ಷಕರು, "ಇಷ್ಟು ಸುಲಭದ್ದಾ? ನಾನು ಕೇಳಲೇ ಇಲ್ಲ ನೋಡಿ" ಎಂದರು. ಪಂಕ್ತಿಗೆ ಹೋಗುವುದನ್ನು ಬಿಟ್ಟವರಿಗೆ ಕೇಳುವ ಸಂದರ್ಭವೂ ಬಂದಿರಲಿಲ್ಲ.

ಪುಸ್ತಿಕೆಯ ಮೊದಲ ಪುಟದಲ್ಲಿ ಹೋಟೆಲಿನ ಹೆಸರು ಇರಲಿಲ್ಲ. ಅನ್ನ ಕೊನೆಗೆ ಬರುತ್ತದೆ, ಕಾಯಬೇಡಿ, ಬಂದದ್ದನ್ನು ತಿನ್ನಲು ಸುರು ಮಾಡಿ. ಮೊದಲೇ ಬೇಕಿದ್ದರೆ ಕೂರುವಾಗಲೇ ಈ ಚೀಟಿ ತೋರಿಸಿ ಎಂದು ಬರೆದಿದ್ದೆ. ಒಡತಿಗೆ ಇದು ಸರಿ ಕಾಣಲಿಲ್ಲ. "ಉಣ್ಣುದು ಹೇಗೆ ಅಂತ ಯಾರು ಕೇಳಿದ್ದು? ಎಲ್ಲಿ ಅಂತ ಅಲ್ವಾ ಕೇಳಿದ್ದು?" ಎಂದರು. ಆದರೂ ತೆಗೆಯಲಿಲ್ಲ. ಕೊಯಿಲದವರ ಹೆಸರಿನ ಮುಂದೆ ನಾನು ಆಗುತ್ತದೆ ಎಂದು ಬರೆದುಕೊಟ್ಟೆ. ಅದನ್ನು ಬರೆದ ಮೇಲೆ ತಂಡ ಮರಳಿ ಬರುವವರೆಗೆ ನನಗೆ ಸರಿಯಾಗಿ ನಿದ್ದೆ ಬರಲಾರದು ಎಂದು ಗೊತ್ತಿತ್ತು.

ತಂಡದ ಜೊತೆ ನಾನು ಹೋಗಲಿಲ್ಲ. ನನ್ನ ಟಿಕೆಟು ಮೊದಲೇ ಬಳಸಿ ಆಗಿತ್ತು. ದಾರಿ ತೋರಿಸಲು ಅಲ್ಲಿಯೇ ಒಬ್ಬರು ಸಿಗುತ್ತಿದ್ದರು. ಪುತ್ತೂರಿನಲ್ಲಿ ಬಸ್ಸು ಹತ್ತುವಾಗ ವ್ಯಾಪಾರಿ ಗೆಳೆಯ ಪರೀಕ್ಷಕರ ಚೀಲವನ್ನು ತಾನೇ ಹೊತ್ತುಕೊಂಡಿದ್ದರು. ಕಿಟಕಿಯಿಂದ ಕೈ ಬೀಸಿದರು. ನಾನು ಹೋಟೆಲಿಗೆ ಹೋಗಿ ಚಹಾ ಕುಡಿದೆ.

ಔತಣದ ದಿನ ಎಂದಿನ ಹಾಗೆ ಮೀಲ್ಸ್ ಮುಗಿಯುವ ಹೊತ್ತಿಗೆ ಬಸ್ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಕೂತೆ. ಚೀನಾದಲ್ಲಿ ಆಗ ಸಂಜೆ, ರಾತ್ರಿಯ ಊಟಕ್ಕೆ ಕೂರುವ ಹೊತ್ತು. ಬಡಿಸುವವನು ನನ್ನನ್ನು ಏನೂ ಕೇಳುವುದಿಲ್ಲ. ತಟ್ಟೆ ತಂದಿಟ್ಟು ಅನ್ನ ಹಾಕಿ ಹೋದ. ಫೋನು ಮೇಜಿನ ಮೇಲಿತ್ತು. ಪರೀಕ್ಷಕರ ಧ್ವನಿ ಸಂದೇಶ ಬಂತು.

"ಅನ್ನ ಮೊದಲು ಬಂತು ಮಾರಾಯ್ರೆ. ಸಣ್ಣ ಸಣ್ಣ ಬಟ್ಟಲು, ಎಲ್ಲರಿಗೂ. ನಾನು ಮೇಜಿನ ಕೆಳಗೆ ಚುಚ್ಚಿಕೊಂಡೆ, ಯಾರಿಗೂ ಗೊತ್ತಾಗಲಿಲ್ಲ." ಹಿಂದಿನಿಂದ ವ್ಯಾಪಾರಿಯ ಧ್ವನಿ: "ಗೊತ್ತಾಗಿದೆ, ಎಲ್ಲರಿಗೂ ಗೊತ್ತಾಗಿದೆ. ಮೊದಲು ಉಣ್ಣಿ ನೀವು." ಯಾರೋ ನಕ್ಕರು. ಸಂಪಾಜೆಯ ಬೆಳೆಗಾರ್ತಿ ಆ ಹರಿವೆ ಈ ಕಡೆ ತಿರುಗಿಸಿ ಎಂದು ಕೇಳುತ್ತಿದ್ದರು. ಪರೀಕ್ಷಕರು ಬಾಯಲ್ಲಿ ತುತ್ತು ಇಟ್ಟುಕೊಂಡೇ, "ನೀವೂ ಇರಬೇಕಿತ್ತು" ಎಂದರು. ಅಲ್ಲಿಗೆ ಮುಗಿಯಿತು.

ಮೊದಲ ಸಲ ಕೇಳಿದ್ದು ವಿಷಯ ಖಚಿತಪಡಿಸಿಕೊಳ್ಳಲು. ಎರಡನೆಯ ಸಲ ಕೇಳಿದಾಗ ಮಾತುಗಳನ್ನು ಬಿಟ್ಟು ಅದರ ಹಿಂದಿನ ಸದ್ದಿಗೆ ಕಿವಿ ಕೊಟ್ಟೆ: ಗಾಜು ತಿರುಗುವುದು, ಬಟ್ಟಲಿಗೆ ಬಟ್ಟಲು ತಾಗುವುದು, ನಮ್ಮ ಊರಿನ ಮೂರು ನಾಲ್ಕು ಭಾಷೆಗಳು ಒಂದೇ ಮೇಜಿನ ಮೇಲೆ. ಬಡಿಸುವವನು ಸಾರಿನ ಪಾತ್ರೆ ಹಿಡಿದುಕೊಂಡು ಬಂದು ನಿಂತಿದ್ದ.

"ಎಂತ ಸರ್, ಊಟ ಸರಿ ಇಲ್ವಾ?" ಎಂದು ಕೇಳಿದ.

ಸರಿಯಾಗಿದೆ ಎಂದೆ. ಎದುರಿಗಿದ್ದ ಅನ್ನ ಅಷ್ಟರಲ್ಲಿ ತಣ್ಣಗಾಗಿತ್ತು.